ಎಳೆಯರ ಓದು: ಲೇಖನ ಚಿಹ್ನೆಯಿಂದ ಅರ್ಥದವರೆಗೆ

ಲೇಖನ ಚಿಹ್ನೆಗಳು ಬರಹದಲ್ಲಿ ದನಿಯ ಕೆಲಸ ಮಾಡುತ್ತವೆ. ಮಾತು ಎಲ್ಲಿ ನಿಂತಿತು, ಎಲ್ಲಿ ಪ್ರಶ್ನೆಯಾಯಿತು, ಯಾವ ಮಾತು ಯಾರದು ಎಂಬುದು ಕೇಳುವವರಿಗೆ ದನಿಯಿಂದಲೇ ತಿಳಿಯುತ್ತದೆ. ಪುಟದ ಮೇಲೆ ಅದನ್ನು ತಿಳಿಸುವುದು ಪೂರ್ಣವಿರಾಮ, ಅಲ್ಪವಿರಾಮ, ಪ್ರಶ್ನಾರ್ಥಕ, ಭಾವಸೂಚಕ ಮತ್ತು ಉದ್ಧರಣ ಚಿಹ್ನೆಗಳು. ಆದ್ದರಿಂದ ಇವು ವ್ಯಾಕರಣ ಪಾಠದ ಕೊನೆಗೆ ಬಾಯಿಪಾಠ ಮಾಡಿಸಬೇಕಾದ ಪಟ್ಟಿಯಲ್ಲ. ಓದಿ ಅರ್ಥ ಮಾಡಿಕೊಳ್ಳುವುದನ್ನು ಕಲಿಸುವಾಗ ಅದರ ಜೊತೆಯಲ್ಲೇ ಕಲಿಸಬೇಕಾದವು.

ಹಳೆಯ ಶಾಸನಗಳಲ್ಲಿ, ಓಲೆಗರಿಗಳಲ್ಲಿ ಪದಗಳನ್ನು ಸಾಮಾನ್ಯವಾಗಿ ಬಿಡಿಸಿ ಬರೆಯುತ್ತಿರಲಿಲ್ಲ. ಪದ್ಯ ಮುಗಿದಲ್ಲಿ ಒಂದೋ ಎರಡೋ ಉದ್ದಗೆರೆ ಇರುತ್ತಿತ್ತು. ಬಹುಪಾಲು ಜನ ಕಾವ್ಯವನ್ನು ಓದದೆ ಕೇಳುತ್ತಿದ್ದ ಕಾಲವದು. ಪದ ಬಿಡಿಸಿ ಅರ್ಥ ಹೊಳೆಸುವ ಹೊಣೆ, ಕಾವ್ಯವನ್ನು ರಾಗವಾಗಿ ಓದಿ ಹೇಳುವ ಗಮಕಿಯದಾಗಿತ್ತು. ಇಂದಿನ ಚಿಹ್ನೆಗಳು ಕನ್ನಡದಲ್ಲಿ ನೆಲೆಯೂರಿದ್ದು 19ನೆಯ ಶತಮಾನದಲ್ಲಿ, ಅಚ್ಚಿನ ಪುಸ್ತಕಗಳ ಜೊತೆಗೆ. ಈಗ ಪ್ರತಿ ಮಗುವೂ ತಾನೇ ಓದಿಕೊಳ್ಳಬೇಕು. ಗಮಕಿಯ ಹೊಣೆ ಮಗುವಿನ ಮೇಲೆಯೇ ಬಿದ್ದಿದೆ.

ಕನ್ನಡ ಓದು ಕಲಿಯುವ ಮಗುವಿನ ಮೊದಲ ಹೊರೆ ಅಕ್ಷರಗಳದು. ವರ್ಣಮಾಲೆಯ 49 ಅಕ್ಷರಗಳಾದ ಮೇಲೆ ಕಾಗುಣಿತ, ಅನಂತರ ಒತ್ತಕ್ಷರ. ಎಲ್ಲ ರೂಪಗಳೂ ಸೇರಿದರೆ ನೂರಾರು. ಕನ್ನಡ ಮಕ್ಕಳ ಓದನ್ನು ಅಧ್ಯಯನ ಮಾಡಿದ ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಲೇಖನ, ಈ ಅಕ್ಷರಗಳು ಪೂರ್ತಿ ಕೈವಶವಾಗಲು ನಾಲ್ಕನೆಯ ತರಗತಿಯವರೆಗೂ ಸಮಯ ಹಿಡಿಯುತ್ತದೆ ಎಂದು ತೋರಿಸಿತು. ಹಾಗೆಂದು ಅಕ್ಷರವೆಲ್ಲ ಮುಗಿಯಲಿ, ಅರ್ಥದ ಮಾತು ಆಮೇಲೆ ಎಂದು ಕಾಯುವುದು ತಪ್ಪು. ಫಿಲಿಪ್ ಗಾಫ್ ಮತ್ತು ವಿಲಿಯಂ ಟನ್ಮರ್ 1986ರಲ್ಲಿ ಹೇಳಿದಂತೆ, ಓದಿ ತಿಳಿಯುವುದು ಎರಡು ಶಕ್ತಿಗಳ ಗುಣಲಬ್ಧ: ಅಕ್ಷರ ಬಿಡಿಸುವ ಶಕ್ತಿ ಮತ್ತು ಭಾಷೆ ತಿಳಿಯುವ ಶಕ್ತಿ. ಎರಡರಲ್ಲಿ ಒಂದು ಸೊನ್ನೆಯಾದರೂ ಫಲ ಸೊನ್ನೆಯೇ.

ಕನ್ನಡ ವಾಕ್ಯದ ರಚನೆಯೂ ಗಮನಿಸಬೇಕಾದದ್ದು. ಕ್ರಿಯಾಪದ ಸಾಮಾನ್ಯವಾಗಿ ಕೊನೆಗೆ ಬರುತ್ತದೆ. ‘ಪುಟ್ಟಿ ಶಾಲೆಯಿಂದ ಬಂದು, ಕೈಕಾಲು ತೊಳೆದು, ರೊಟ್ಟಿ ತಿಂದು, ಆಡಲು ಹೋದಳು’ ಎಂಬಲ್ಲಿ ‘ಹೋದಳು’ ಬರುವ ತನಕ ಹಿಂದಿನದೆಲ್ಲ ನೆನಪಿನಲ್ಲಿರಬೇಕು. ಅಕ್ಷರ ಅಕ್ಷರವಾಗಿ ತಡವರಿಸುವ ಮಗುವಿಗೆ ಕೊನೆ ಮುಟ್ಟುವಷ್ಟರಲ್ಲಿ ಮೊದಲು ಮರೆತಿರುತ್ತದೆ. ಅಲ್ಪವಿರಾಮ ಆ ಉದ್ದವನ್ನು ತುಂಡು ಮಾಡಿ ಕೊಡುತ್ತದೆ. ಆದ್ದರಿಂದ ತುಂಡು ತುಂಡಾಗಿ ಓದುವ ಅಭ್ಯಾಸವನ್ನು ಮೊದಲಿನಿಂದಲೇ ಮಾಡಿಸಬೇಕು.

ಚಿಹ್ನೆಗಳನ್ನು ಒಂದೊಂದಾಗಿ, ಕಿವಿಯ ಮೂಲಕ ಕಲಿಸುವುದು ಒಳ್ಳೆಯದು. ಮೊದಲು ಪೂರ್ಣವಿರಾಮ: ಶಿಕ್ಷಕರು ಸಾಲಿನ ಕೆಳಗೆ ಬೆರಳಿಟ್ಟು ಓದುತ್ತ, ಚುಕ್ಕಿ ಬಂದಲ್ಲಿ ಬೆರಳನ್ನೂ ದನಿಯನ್ನೂ ನಿಲ್ಲಿಸುತ್ತಾರೆ, ಮಕ್ಕಳು ಹಾಗೆಯೇ ಓದುತ್ತಾರೆ. ಅನಂತರ ‘ಅಪ್ಪ ಬಂದರು.’ ‘ಅಪ್ಪ ಬಂದರಾ?’ ‘ಅಪ್ಪ ಬಂದರು!’ ಎಂಬ ಮೂರನ್ನೂ ಹಲಗೆಯ ಮೇಲೆ ಬರೆದು ಮೂರು ಬಗೆಯಲ್ಲಿ ಹೇಳಿಸಬಹುದು. ಅಲ್ಪವಿರಾಮಕ್ಕೆ ‘ರಾಮ ಗೋಪಾಲ ಕೃಷ್ಣ ಬಂದರು’ ಎಂಬ ವಾಕ್ಯ ಸಾಕು. ಬಂದವರು ಮೂವರೇ, ರಾಮಗೋಪಾಲ ಮತ್ತು ಕೃಷ್ಣ ಎಂಬ ಇಬ್ಬರೇ, ಅಥವಾ ಗೌರವದಿಂದ ಹೇಳಿದ ಒಬ್ಬರೇ? ಚಿಹ್ನೆ ಹಾಕಿದಾಗಲೇ ನಿಶ್ಚಯವಾಗುತ್ತದೆ. ಉದ್ಧರಣ ಚಿಹ್ನೆ ಕೊನೆಗೆ ಬರಲಿ. ನಾನು ಗೆದ್ದೆ ಎಂದು ರವಿ ಹೇಳಿದ ಎಂದು ಚಿಹ್ನೆಯಿಲ್ಲದೆ ಬರೆದು ‘ಗೆದ್ದವರು ಯಾರು?’ ಎಂದು ಕೇಳಿದರೆ, ‘ನಾನು’ ಎನ್ನುವ ಮಗುವೂ ಇರುತ್ತದೆ. ಚಿಹ್ನೆ ಹಾಕಿ, ಒಬ್ಬರನ್ನು ರವಿಯಾಗಿಸಿ ಆ ಮಾತನ್ನು ಹೇಳಿಸಿದರೆ ಗೊಂದಲ ಕಳೆಯುತ್ತದೆ.

ಮಗು ನಿಂತು, ದನಿ ಏರಿಸಿಳಿಸಿ ಓದಿದ ಮಾತ್ರಕ್ಕೆ ಅರ್ಥವಾಯಿತೆನ್ನಲಾಗದು. ಅದನ್ನು ತೋರಿಸುವುದು ಪ್ರಶ್ನೆಗಳು. ನಾಲ್ಕು ಸಾಲಿನ ಒಂದು ಕಥೆ ಹೀಗಿರಲಿ:

‘ಮಳೆ ಹನಿಯತೊಡಗಿತು. ಪುಟ್ಟಿ ಅಂಗಳಕ್ಕೆ ಓಡಿದಳು. ಹಪ್ಪಳದ ಚಾಪೆಯನ್ನು ಎತ್ತಿ ಒಳಗೆ ತಂದಳು. “ಅಯ್ಯೋ, ಎರಡು ನೆನೆದೇ ಹೋದವಲ್ಲ!” ಎಂದರು ಅಜ್ಜಿ.’

‘ಪುಟ್ಟಿ ಏನನ್ನು ತಂದಳು?’ ಎಂಬುದಕ್ಕೆ ಉತ್ತರ ಸಾಲಿನಲ್ಲೇ ಇದೆ. ‘ನೆನೆದ ಎರಡು ಯಾವುವು?’ ಎಂದರೆ ಹಿಂದಿನ ಸಾಲಿಗೆ ಹೋಗಬೇಕು. ‘ಅವಳು ಓಡಿದ್ದೇಕೆ?’ ಎಂಬುದಕ್ಕೆ ಉತ್ತರವನ್ನು ಕಥೆ ಬಾಯಿಬಿಟ್ಟು ಹೇಳಿಲ್ಲ. ಹಪ್ಪಳ ಬಿಸಿಲಲ್ಲಿ ಒಣಗಬೇಕೆಂದು ಮಗುವಿಗೆ ಗೊತ್ತಿರಬೇಕು. ‘ಅಜ್ಜಿಗೆ ಏನನ್ನಿಸಿತು?’ ಎಂಬುದಕ್ಕೆ ಭಾವಸೂಚಕ ಚಿಹ್ನೆಯೇ ಸುಳಿವು. ಮೊದಲ ಬಗೆಯ ಪ್ರಶ್ನೆಯಷ್ಟನ್ನೇ ಕೇಳಿದರೆ ಮಕ್ಕಳು ಪದ ಹುಡುಕಿ ಸಾಲು ನಕಲು ಮಾಡುವುದನ್ನು ಕಲಿಯುತ್ತಾರೆ. ಪ್ರಶ್ನೋತ್ತರ ಬಾಯಿಪಾಠದಿಂದ ಅಷ್ಟೂ ಆಗದು. ಹಪ್ಪಳ ಒಣಗಿಸುವುದನ್ನು ಕಾಣದ ಮಗುವಿಗೆ ಓದಿಗೆ ಮೊದಲೇ ಅದರ ಬಗ್ಗೆ ಹೇಳಬೇಕು. ಮನೆಯಲ್ಲಿ ತುಳು, ಉರ್ದು, ಲಂಬಾಣಿ ಆಡುವ ಮಕ್ಕಳಿಗೆ ಇದು ಇನ್ನೂ ಅಗತ್ಯ.

1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ನಲಿ-ಕಲಿ ಪದ್ಧತಿ ಹಾಡು, ಕಥೆ, ಗುಂಪು ಚಟುವಟಿಕೆಗಳಿಗೆ ತರಗತಿಯಲ್ಲಿ ಜಾಗ ಮಾಡಿಕೊಟ್ಟಿತು. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ನಿಪುಣ್ ಭಾರತ್ ಯೋಜನೆ, ಮೂರನೆಯ ತರಗತಿ ಮುಗಿಸುವ ಪ್ರತಿ ಮಗುವೂ ಅರ್ಥ ಮಾಡಿಕೊಂಡು ಓದುವಂತಾಗಬೇಕೆಂಬ ಗುರಿಯನ್ನು 2026-27ಕ್ಕೆ ಇಟ್ಟುಕೊಂಡಿದೆ. ಗುರಿ ಮುಟ್ಟಲು ಬೇಕಾದದ್ದು ದಿನವೂ ಸ್ವಲ್ಪ ಹೊತ್ತು ಗಟ್ಟಿಯಾಗಿ ಓದುವುದು, ಓದಿದ್ದನ್ನು ಕುರಿತು ಮಾತಾಡುವುದು. ಮಗು ಓದುವಾಗ ಪ್ರತಿ ತಪ್ಪಿಗೂ ತಡೆಯದೆ ವಾಕ್ಯ ಮುಗಿದ ಮೇಲೆ ತಿದ್ದಬೇಕು. ವೇಗವನ್ನೇ ಜಾಣತನವೆಂದು ಹೊಗಳಬಾರದು.

ಇದರಲ್ಲಿ ಮನೆಯ ಪಾಲೂ ದೊಡ್ಡದು. ಅಕ್ಷರ ಬಾರದ ತಾಯಿತಂದೆಯರೂ ಮಗು ಓದಿದ್ದನ್ನು ಕೇಳಿ ‘ಆಮೇಲೆ ಏನಾಯಿತು? ಯಾಕೆ ಹಾಗೆ ಮಾಡಿದ?’ ಎಂದು ವಿಚಾರಿಸಬಹುದು. ಇಂಥ ಎರಡು ಪ್ರಶ್ನೆಗಳನ್ನು ದಿನವೂ ತಪ್ಪದೆ ಕೇಳಿ. ಮಗು ಅರ್ಥಕ್ಕಾಗಿ ಓದುವುದನ್ನು ಅದರಿಂದಲೇ ಕಲಿಯುತ್ತದೆ.