ಹೋಟೆಲಿನ ಅಡುಗೆಮನೆಗೆ ಡಿಜಿಟಲ್ ಕಾವಲು

‘ಊಟ ಬಲ್ಲವನಿಗೆ ರೋಗವಿಲ್ಲ’ ಎಂಬ ಗಾದೆ ತನ್ನ ಮನೆಯಲ್ಲಿ ಉಣ್ಣುವವನಿಗೆ ಚೆನ್ನಾಗಿ ಒಪ್ಪುತ್ತದೆ. ಹೋಟೆಲಿನಲ್ಲಿ ಉಣ್ಣುವವನಿಗಾದರೋ ಅಡುಗೆಮನೆಯೇ ಕಾಣದು. ಅಲ್ಲಿ ಅವನ ಆರೋಗ್ಯವು ಬೇಯಿಸುವವರ, ಬಡಿಸುವವರ, ಪಾತ್ರೆ ತೊಳೆಯುವವರ ಕೈಯಲ್ಲಿದೆ. 2019ರಲ್ಲಿ ಯುನೆಸ್ಕೋ ಸಂಸ್ಥೆಯಿಂದ ಪಾಕಕಲೆಯ ಸೃಜನಶೀಲ ನಗರವೆಂಬ ಮನ್ನಣೆ ಪಡೆದ ಹೈದರಾಬಾದಿಗೂ ಈ ಚಿಂತೆ ತಪ್ಪಿದ್ದಲ್ಲ. ಹಸಿ ಮೊಟ್ಟೆಯಿಂದ ತಯಾರಿಸಿದ ಮೇಯನೇಸನ್ನು ತೆಲಂಗಾಣ ಸರ್ಕಾರವು 2024ರ ಅಕ್ಟೋಬರ್ 30ರಂದು ಒಂದು ವರ್ಷದ ಅವಧಿಗೆ ನಿಷೇಧಿಸಬೇಕಾಯಿತು.

ಉಷ್ಣತೆಯ ಮಹತ್ವ

ಆಹಾರವನ್ನು ಕೆಡಿಸುವ ಬ್ಯಾಕ್ಟೀರಿಯಗಳು 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಬೇಗನೆ ವೃದ್ಧಿಯಾಗುತ್ತವೆ. ಅನುಕೂಲ ಸ್ಥಿತಿಯಲ್ಲಿ 20 ನಿಮಿಷಕ್ಕೊಮ್ಮೆ ಇಮ್ಮಡಿಯಾದರೆ, ಒಂದು ಜೀವಾಣುವು ಮೂರು ಗಂಟೆಗಳಲ್ಲಿ 512 ಆಗುತ್ತದೆ. ಅನ್ನದಲ್ಲಿ ಇನ್ನೊಂದು ಅಪಾಯವಿದೆ. ಬ್ಯಾಸಿಲಸ್ ಸೀರಿಯಸ್ ಎಂಬ ಜೀವಾಣುವಿನ ಬೀಜಕಗಳು ಬೇಯಿಸಿದರೂ ಸಾಯುವುದಿಲ್ಲ. ಅನ್ನ ಉಗುರುಬೆಚ್ಚಗೆ ಉಳಿದರೆ ಅವು ಮೊಳೆತು ವಿಷವನ್ನು ಉತ್ಪತ್ತಿ ಮಾಡುತ್ತವೆ. ವಾಂತಿ ತರುವ ಆ ವಿಷವು ಮತ್ತೆ ಬಿಸಿ ಮಾಡಿದರೂ ನಾಶವಾಗದು. ಆದುದರಿಂದ ಬಿಸಿ ಆಹಾರವನ್ನು 60 ಡಿಗ್ರಿಗಿಂತ ಮೇಲೆ, ತಣ್ಣನೆಯದನ್ನು 5 ಡಿಗ್ರಿಗಿಂತ ಕೆಳಗೆ ಇಡುವುದು ಅತ್ಯವಶ್ಯಕ.

ಕಾನೂನು ಮತ್ತು ಉಪಕರಣಗಳು

2006ರ ಆಹಾರ ಸುರಕ್ಷತಾ ಅಧಿನಿಯಮದ ನಿಯಮಗಳು 2011ರಲ್ಲಿ ಜಾರಿಗೆ ಬಂದವು. ಭಾರತೀಯ ಆಹಾರ ಸುರಕ್ಷತಾ ಮತ್ತು ಗುಣಮಟ್ಟ ಪ್ರಾಧಿಕಾರವು 2017ರಲ್ಲಿ ಆರಂಭಿಸಿದ ‘ಫಾಸ್ಟ್ಯಾಕ್’ ತರಬೇತಿಯ ಪ್ರಕಾರ, ಪ್ರತಿ 25 ಮಂದಿ ಕೆಲಸಗಾರರಿಗೆ ತರಬೇತಿ ಹೊಂದಿದ ಒಬ್ಬ ಮೇಲ್ವಿಚಾರಕ ಇರತಕ್ಕದ್ದು. ಪರವಾನಗಿಯ ವ್ಯವಹಾರವು 2020ರಿಂದ ‘ಫಾಸ್ಕಾಸ್’ ಎಂಬ ಗಣಕ ವ್ಯವಸ್ಥೆಯ ಮೂಲಕ ನಡೆಯುತ್ತಿದೆ.

ಅಡುಗೆಮನೆಯ ಉಪಕರಣಗಳು ಸರಳವಾದವು. ಡಿಜಿಟಲ್ ಥರ್ಮಾಮೀಟರಿನ ಸೂಜಿಯನ್ನು ಆಹಾರದ ನಡುಭಾಗಕ್ಕೆ ಚುಚ್ಚಿದರೆ ಒಳಗಿನ ಉಷ್ಣತೆ ತಿಳಿಯುತ್ತದೆ. ಫ್ರಿಜ್ಜಿನೊಳಗಿನ ಮಾಪಕವು ರಾತ್ರಿಯಿಡೀ ಉಷ್ಣತೆಯನ್ನು ದಾಖಲಿಸಿ, ವಿದ್ಯುತ್ ಹೋದ ಹೊತ್ತನ್ನೂ ಬಯಲಿಗೆ ತರುತ್ತದೆ. ಕರಿದ ಎಣ್ಣೆಯನ್ನು ಅಳೆಯುವ ಮಾಪಕವೂ ಉಂಟು. ಎಣ್ಣೆ ಹಲವು ಬಾರಿ ಕಾಯ್ದಾಗ ಹುಟ್ಟುವ ಧ್ರುವೀಯ ಸಂಯುಕ್ತಗಳು ಶೇಕಡಾ 25ನ್ನು ಮೀರಿದರೆ, 2018ರ ಜುಲೈ 1ರಿಂದ ಜಾರಿಯಲ್ಲಿರುವ ನಿಯಮದಂತೆ ಆ ಎಣ್ಣೆಯನ್ನು ಬಳಸಕೂಡದು.

ತರಬೇತಿ ಹೇಗಿರಬೇಕು?

ಉಪಕರಣ ಕೊಂಡ ಮಾತ್ರಕ್ಕೆ ಆಹಾರ ಸುರಕ್ಷಿತವಾಗದು. ಮೊದಲು ಅದು ಸರಿಯಿದೆಯೇ ಎಂದು ಪರೀಕ್ಷಿಸಲು ಕಲಿಸಬೇಕು. ಮಂಜುಗಡ್ಡೆ ತುಂಬಿದ ನೀರಿನಲ್ಲಿ ಥರ್ಮಾಮೀಟರು ಸೊನ್ನೆ ತೋರಿಸಬೇಕು. ಕುದಿಯುವ ನೀರಿನಲ್ಲಿ ಹೈದರಾಬಾದಿನಲ್ಲಿ ಸುಮಾರು 98 ಡಿಗ್ರಿ ತೋರಿಸಿದರೆ ಅದು ದೋಷವಲ್ಲ. ನಗರವು ಸಮುದ್ರಮಟ್ಟದಿಂದ ಎತ್ತರದಲ್ಲಿರುವುದೇ ಕಾರಣ. ಒಂದು ಪದಾರ್ಥಕ್ಕೆ ಚುಚ್ಚಿದ ಸೂಜಿಯನ್ನು ಶುಚಿಗೊಳಿಸದೆ ಇನ್ನೊಂದಕ್ಕೆ ಚುಚ್ಚಬಾರದು. ನಾನಾ ರಾಜ್ಯಗಳಿಂದ ಬಂದ ಕೆಲಸಗಾರರಿಗೆ ಅವರವರ ಭಾಷೆಯಲ್ಲಿ, ಚಿತ್ರಗಳ ಸಹಾಯದಿಂದ, ಒಲೆಯ ಬಳಿಯಲ್ಲೇ ಪಾಠ ಹೇಳುವುದು ಮೇಲು.

ಎಲ್ಲಕ್ಕಿಂತ ಕಠಿಣವಾದುದು ಪ್ರಾಮಾಣಿಕತೆಯ ಪಾಠ. ದಿನದ ಕೊನೆಯಲ್ಲಿ ಕುಳಿತು ಎಲ್ಲ ಗಂಟೆಗಳಿಗೂ ‘4 ಡಿಗ್ರಿ’ ಎಂದು ಬರೆದ ಪುಸ್ತಕದಿಂದ ಯಾರಿಗೂ ಪ್ರಯೋಜನವಿಲ್ಲ. ಫೋನಿನಲ್ಲಿ ದಾಖಲಿಸಿದಾಗ ವೇಳೆಯೂ ತಾನಾಗಿ ನಮೂದಾಗುವುದರಿಂದ ಇಂತಹ ಬರಹ ಕಷ್ಟವಾಗುತ್ತದೆ. ಆದರೆ ಫ್ರಿಜ್ಜು 11 ಡಿಗ್ರಿಯಲ್ಲಿದೆ ಎಂದು ತಿಳಿಸಿದ ಹುಡುಗನನ್ನು ಗದರಿಸಿದರೆ, ಮರುದಿನದಿಂದ ಆತ ಸತ್ಯವನ್ನು ಮುಚ್ಚಿಡುವನು. ಕೆಟ್ಟ ಅಂಕಿಯನ್ನು ಕಂಡೊಡನೆ ಏನು ಮಾಡಬೇಕು, ಯಾರಿಗೆ ತಿಳಿಸಬೇಕು, ಯಾವುದನ್ನು ಚೆಲ್ಲಬೇಕು ಎಂಬುದನ್ನು ಮಾಲೀಕರು ಮೊದಲೇ ನಿರ್ಧರಿಸಿರಬೇಕು. ಚೆಲ್ಲಿದ ಅನ್ನದ ನಷ್ಟವನ್ನು ಕೆಲಸಗಾರನ ಸಂಬಳದಿಂದ ಮುರಿಯಕೂಡದು.

ಗ್ರಾಹಕರಿಗೂ ಕರ್ತವ್ಯವಿದೆ. ಹೋಟೆಲಿನಲ್ಲಿ 14 ಅಂಕಿಗಳ ಪರವಾನಗಿ ಸಂಖ್ಯೆಯನ್ನು ಪ್ರದರ್ಶಿಸಿದ್ದಾರೆಯೇ ಎಂದು ಗಮನಿಸಬೇಕು; ಲೋಪ ಕಂಡರೆ ಪ್ರಾಧಿಕಾರದ ‘ಫುಡ್ ಸೇಫ್ಟಿ ಕನೆಕ್ಟ್’ ಮೂಲಕ ದೂರು ನೀಡಬಹುದು. ಯಂತ್ರವು ಅಂಕಿಯನ್ನು ಮಾತ್ರ ಹೇಳಬಲ್ಲುದು. ಕೈ ತೊಳೆಯುವುದೂ, ಕೆಟ್ಟದ್ದನ್ನು ಬಡಿಸದಿರುವುದೂ ಮನುಷ್ಯನ ಕೆಲಸ.