ಆಳಿನ ಬರವೇ? ತೊಟ್ಟಿಲ ಕಡೆಗೊಮ್ಮೆ ನೋಡಿ

ನಮ್ಮದು ಪುತ್ತೂರು ತಾಲೂಕಿನಲ್ಲಿ ಎರಡೂವರೆ ಎಕರೆ ಅಡಿಕೆ ತೋಟ. ಅಡಿಕೆ ಹೆಕ್ಕಲು, ಸುಲಿಯಲು ನೆರೆಕರೆಯ ಇಬ್ಬರು ಹೆಂಗಸರು ಖಾಯಂ ಬರುತ್ತಿದ್ದರು. 2021ರ ಮಳೆಗಾಲದಲ್ಲಿ ನನ್ನ ಅಮ್ಮ ತೀರಿಕೊಂಡರು. ದೀಪಾವಳಿ ಕಳೆದು ಕೊಯ್ಲು ಶುರುವಾದಾಗ ಇಬ್ಬರೂ ಕೆಲಸಕ್ಕಿಲ್ಲ.

ಕೂಲಿ ಸಾಲದೇನೋ ಎಂದು 50 ರೂಪಾಯಿ ಜಾಸ್ತಿ ಕೊಡುತ್ತೇನೆಂದೆ. “ಕೂಲಿಯ ವಿಷಯ ಅಲ್ಲ ಅಣ್ಣಾ. ಅಮ್ಮ ಇದ್ದಾಗ ಮಕ್ಕಳನ್ನು ನಿಮ್ಮ ಜಗಲಿಯಲ್ಲಿ ಬಿಡ್ತಿದ್ದೆವು. ಈಗ ಎಲ್ಲಿ ಬಿಟ್ಟು ಬರುದು? ತೋಟಕ್ಕೆ ತಂದ್ರೆ ಕೆರೆ ಉಂಟಲ್ಲ!” ಅಂದರು ಒಬ್ಬರು. ನಮ್ಮದೇ ಎರಡು ವರ್ಷದ ಮಗಳಿಂದಾಗಿ ನನ್ನ ಹೆಂಡತಿಗೂ ಅಂಗಳ ದಾಟಲು ಪುರುಸೊತ್ತಿಲ್ಲ. ಹೀಗೆ ಮೂವರ ಕೆಲಸ ನಿಂತಿತು. ಹೆಕ್ಕದೆ ಬಿದ್ದ ಅಡಿಕೆ ಹಾಳಾಗಿ ಕರಿಗೋಟು ಹೆಚ್ಚಿತು.

ಲೆಕ್ಕದ ಪುಸ್ತಕ ಬಿಡಿಸಿದೆ. ಗೊಬ್ಬರ, ಬೋರ್ಡೋ ಸಿಂಪಡಣೆ, ಕೂಲಿ ಎಲ್ಲ ಇತ್ತು. ಅಮ್ಮನ ಹೆಸರಲ್ಲಿ ಒಂದು ಪೈಸೆ ಇಲ್ಲ. ಮೂರು ಆಳಿನ ದುಡಿಮೆಯನ್ನು ಜಗಲಿಯಲ್ಲಿ ಕೂತೇ ನಡೆಸುತ್ತಿದ್ದರು ಅವರು!

ಪೆಟ್ಟು ನನಗೆ ಮಾತ್ರವಲ್ಲ. ಆ ಇಬ್ಬರ ಕೂಲಿ ಹೋಗುತ್ತಿದ್ದುದು ಊರಿನ ಜಿನಸಿನಂಗಡಿಗೆ, ಸ್ವಸಹಾಯ ಸಂಘದ ಕಂತಿಗೆ. ಅದೂ ನಿಂತಿತು.

ಅಂಗನವಾಡಿ ಇಲ್ಲವೇ ಎಂದು ಕೇಳಬಹುದು. 1975ರಲ್ಲಿ ಶುರುವಾದ ಈ ವ್ಯವಸ್ಥೆಯಲ್ಲಿ ಮಕ್ಕಳು ದಿನವೂ ಹೋಗಿ ಕೂರುವುದು ಮೂರು ತುಂಬಿದ ಮೇಲೆ. ದೊಡ್ಡ ಕಾಫಿ, ಚಹಾ ಎಸ್ಟೇಟುಗಳಲ್ಲಿ 50 ಮಂದಿ ಮಹಿಳಾ ಕಾರ್ಮಿಕರಿದ್ದರೆ ಶಿಶುವಿಹಾರ ಬೇಕೆಂದು 1951ರ ತೋಟ ಕಾರ್ಮಿಕರ ಕಾಯಿದೆಯೇ ಹೇಳಿತ್ತು. ಎರಡಾಳಿನ ನಮ್ಮಂಥ ತೋಟಕ್ಕೆ ಅದು ಅನ್ವಯಿಸುವುದಲ್ಲ. ಮೂರರೊಳಗಿನ ಮಕ್ಕಳಿಗಾಗಿ 2023ರ ರಾಜ್ಯ ಬಜೆಟ್ 4,000 ಗ್ರಾಮ ಪಂಚಾಯತುಗಳಲ್ಲಿ ‘ಕೂಸಿನ ಮನೆ’ ಘೋಷಿಸಿತು. ನಿಮ್ಮ ಪಂಚಾಯತಿನಲ್ಲಿ ಉಂಟೋ ಎಂದು ವಿಚಾರಿಸಿ.

ನಾವು ಕಾಯಲಿಲ್ಲ. ಮರುವರ್ಷ ನಾಲ್ಕು ಮನೆಯವರು ಸೇರಿದೆವು. ಮೊಮ್ಮಕ್ಕಳನ್ನು ಸಾಕಿ ಅನುಭವವಿದ್ದ ನೆರೆಮನೆಯ ಅಕ್ಕ ಒಬ್ಬರು ಒಪ್ಪಿದರು. ದಿನಕ್ಕೆ 400 ರೂಪಾಯಿ, ಮನೆಗೆ ತಲಾ 100. ಜಾಗ ನಮ್ಮ ಜಗಲಿ. ಮೆಟ್ಟಿಲಿಗೆ ಬಿದಿರಿನ ತಡಮೆ, ಬಾವಿಗೆ ಬಲೆ, ಕೆರೆಗೆ ಬೇಲಿ. ಮಧ್ಯಾಹ್ನ ಗಂಜಿ, ನಿದ್ದೆಗೆ ಎರಡು ತೊಟ್ಟಿಲು. ಐದಕ್ಕಿಂತ ಹೆಚ್ಚು ಮಕ್ಕಳು ಬೇಡ, ಜ್ವರ ಇದ್ದರೆ ಆ ದಿನ ಮನೆಯಲ್ಲೇ. ಹಾಲು ಕುಡಿಸಲು ತಾಯಿ ಯಾವಾಗ ಎದ್ದು ಹೋದರೂ ಕೂಲಿ ಕಡಿಯುವಂತಿಲ್ಲ.

ಇಬ್ಬರೂ ಕೆಲಸಕ್ಕೆ ಮರಳಿದರು. ಹೆಂಡತಿಯೂ ತೋಟಕ್ಕಿಳಿದಳು. ಆ ಸಲ ಅಡಿಕೆ ಹೊತ್ತಿಗೆ ಸರಿಯಾಗಿ ಅಂಗಳ ಸೇರಿತು.

ಈಗ ನನ್ನ ಪುಸ್ತಕದಲ್ಲಿ ‘ಮಕ್ಕಳ ಆರೈಕೆ’ ಎಂದು ಗೊಬ್ಬರದ ಪಕ್ಕದಲ್ಲೇ ಒಂದು ಕಲಮು ಉಂಟು. ಅಮ್ಮನ ಕಾಲದಲ್ಲೇ ಬರೆಯಬೇಕಿತ್ತು. ನಿಮ್ಮೂರಿನಲ್ಲಿ ಈ ಕೆಲಸ ಯಾರು ಮಾಡುತ್ತಾರೆ, ಅವರಿಗೇನು ಸಿಗುತ್ತದೆ? ಪತ್ರಿಕೆಗೆ ಬರೆದು ತಿಳಿಸಿ.