ಕೊಡೆ ಕೊಡುವಾಗ ಮಗುವಿನ ತಲೆ ತಗ್ಗದಿರಲಿ

ಮೇ ತಿಂಗಳ ಕೊನೆ ಬಂತೆಂದರೆ ನಮ್ಮ ಕರಾವಳಿಯ ಮನೆಗಳಲ್ಲಿ ಎರಡು ಚಿಂತೆ ಒಟ್ಟಿಗೆ ಶುರುವಾಗುತ್ತವೆ. ಒಂದು ಮಳೆಯದ್ದು, ಇನ್ನೊಂದು ಶಾಲೆಯದ್ದು. ಮಾಡಿನ ಹಂಚು ಸರಿ ಮಾಡಬೇಕು, ಮಕ್ಕಳಿಗೆ ಬ್ಯಾಗು, ಕೊಡೆ, ನೋಟ್‌ಬುಕ್ ತೆಗೆಯಬೇಕು. ದುಡಿಯುವ ಕೈ ಇರುವ ಮನೆಯಲ್ಲಿ ಹೇಗೋ ಸುಧಾರಿಸಿಕೊಂಡು ಹೋಗುತ್ತದೆ. ಆದರೆ ಬಾಪ ತೀರಿಹೋಗಿ, ಉಮ್ಮ ಬೀಡಿ ಕಟ್ಟಿ ಮೂರು ನಾಲ್ಕು ಮಕ್ಕಳನ್ನು ಸಾಕುವ ಮನೆಯಲ್ಲಿ ಒಂದು ಕೊಡೆ ಕೂಡ ದೊಡ್ಡ ಲೆಕ್ಕವೇ.

ಬಂಟ್ವಾಳ ತಾಲೂಕಿನ ನಮ್ಮ ಮೊಹಲ್ಲಾದಲ್ಲಿ ನಾವು ಏಳೆಂಟು ಮಂದಿ ಸೇರಿ ಇಂಥ ಮನೆಗಳ ಮಕ್ಕಳಿಗೆ ಅಗತ್ಯದ ಸಾಮಾನು ತಲುಪಿಸುವ ಸಣ್ಣ ಕೆಲಸವೊಂದನ್ನು ಕೆಲವು ವರ್ಷಗಳಿಂದ ಮಾಡಿಕೊಂಡು ಬರುತ್ತಿದ್ದೇವೆ. ನಮ್ಮಲ್ಲಿ ಮದ್ರಸದ ಉಸ್ತಾದರುಂಟು, ಆಟೋ ಓಡಿಸುವವರುಂಟು, ಜೀನಸು ಅಂಗಡಿಯವರುಂಟು, ಗಲ್ಫಿನಿಂದ ಮರಳಿ ಊರಲ್ಲೇ ನಿಂತವರುಂಟು. ಬ್ಯಾನರ್ ಇಲ್ಲ, ಕಚೇರಿ ಇಲ್ಲ. ಇಷ್ಟು ವರ್ಷದಲ್ಲಿ ನಮಗೆ ಮನವರಿಕೆಯಾದ ಮಾತೊಂದೇ: ಕೊಡುವುದು ಅಷ್ಟು ಕಷ್ಟವಲ್ಲ, ತೆಗೆದುಕೊಳ್ಳುವ ಮಗುವಿಗೆ ನಾಚಿಕೆಯಾಗದ ಹಾಗೆ ಕೊಡುವುದು ಕಷ್ಟ.

ಮದ್ರಸದ ಸಣ್ಣ ಮಕ್ಕಳಿಗೂ ಸೂರಃ ಅಲ್-ಮಾಊನ್ ಬಾಯಿಪಾಠ ಇರುತ್ತದೆ. ಯತೀಮನನ್ನು ದೂಡುವವನನ್ನೂ ಬಡವನಿಗೆ ಉಣಿಸಲು ಪ್ರೇರೇಪಿಸದವನನ್ನೂ ಖಂಡಿಸುವ ಸೂರಃ ಅದು. ಅದರ ಕೊನೆಯ ಪದ ‘ಮಾಊನ್’. ಪಾತ್ರೆ, ಬಕೆಟ್, ಕೊಡಲಿ ಮುಂತಾದ ದಿನಬಳಕೆಯ ಸಣ್ಣ ಸಾಮಾನುಗಳೇ ಈ ಪದದ ಅರ್ಥವೆಂದು ವ್ಯಾಖ್ಯಾನಕಾರರು ವಿವರಿಸಿದ್ದಾರೆ. ಸಣ್ಣ ಸಾಮಾನು ಎಂದು ಯಾವುದನ್ನೂ ಸಣ್ಣದು ಮಾಡ್ಲಿಕ್ಕಿಲ್ಲ ಎಂಬ ಪಾಠ ಇದರಲ್ಲಿದೆ.

ಸರಕಾರ ಕೊಟ್ಟ ಮೇಲೂ ಉಳಿಯುವುದು

“ಸರಕಾರಿ ಶಾಲೆಯಲ್ಲಿ ಎಲ್ಲ ಫ್ರೀ ಅಲ್ವಾ, ಮತ್ತೆ ನೀವು ಕೊಡುವುದು ಎಂತ?” ಎಂದು ಕೆಲವರು ಕೇಳುತ್ತಾರೆ. ಪಠ್ಯಪುಸ್ತಕ, ಸಮವಸ್ತ್ರ, ಶೂ-ಸಾಕ್ಸ್, ಮಧ್ಯಾಹ್ನದ ಬಿಸಿಯೂಟ, ಹಾಲು, ಮೊಟ್ಟೆ ಅಥವಾ ಬಾಳೆಹಣ್ಣು ಇವೆಲ್ಲ ಸಿಗುತ್ತವೆ, ನಿಜ. ಆದರೆ ನೋಟ್‌ಬುಕ್ ಬೇಕು, ಬ್ಯಾಗು ಬೇಕು, ಕೊಡೆ ಬೇಕು. ಜೂನ್, ಜುಲೈಯಲ್ಲಿ ತೊಳೆದು ಹಾಕಿದ ಬಟ್ಟೆ ಎರಡು ದಿನವಾದರೂ ಒಣಗುವುದಿಲ್ಲ. ಬದಲಿ ಜೊತೆ ಇಲ್ಲದ ಮಗು ಹಸಿ ಬಟ್ಟೆಯಲ್ಲೇ ಬರುತ್ತದೆ, ಇಲ್ಲದಿದ್ದರೆ ರಜೆ ಹಾಕುತ್ತದೆ. ಇನ್ನು ಒಳ ಉಡುಪು, ಚಪ್ಪಲಿ, ಸೋಪು, ಹೊದಿಕೆ, ದೃಷ್ಟಿ ಕಡಿಮೆ ಇರುವ ಮಗುವಿಗೆ ಕನ್ನಡಕ, ದೊಡ್ಡ ಹುಡುಗಿಯರಿಗೆ ಪ್ಯಾಡ್ ಇವೆಲ್ಲ ಯಾರೂ ಬಾಯಿಬಿಟ್ಟು ಕೇಳದ ಅಗತ್ಯಗಳು.

ಹಿಂದೆ ಅಲ್ಪಸಂಖ್ಯಾತ ಮಕ್ಕಳಿಗೆ ಕೇಂದ್ರದ ಮೆಟ್ರಿಕ್ ಪೂರ್ವ ವಿದ್ಯಾರ್ಥಿವೇತನ 1ನೇ ತರಗತಿಯಿಂದಲೇ ಸಿಗುತ್ತಿತ್ತು. 2022-23ರಿಂದ ಅದನ್ನು 9 ಮತ್ತು 10ನೇ ತರಗತಿಗೆ ಮಾತ್ರ ಸೀಮಿತ ಮಾಡಿದರು. ಸಣ್ಣ ಮೊತ್ತವೇ ಆದರೂ ಬ್ಯಾಗು, ಪುಸ್ತಕಕ್ಕೆ ಅದೇ ಆಧಾರವಾಗಿದ್ದ ಮನೆಗಳು ನಮ್ಮ ಸುತ್ತಮುತ್ತ ಎಷ್ಟೋ ಇದ್ದವು.

ಬೆಳಗ್ಗಿನ ಹಸಿವಿನ ವಿಷಯ ಮದ್ರಸದಲ್ಲಿ ಕಲಿಸುವವರಿಗೆ ಮೊದಲು ಗೊತ್ತಾಗುತ್ತದೆ. ನಮ್ಮ ಮಕ್ಕಳು ಬೆಳಗ್ಗೆ ಮದ್ರಸ ಮುಗಿಸಿ ನೇರ ಶಾಲೆಗೆ ಹೋಗುವವರು. ಕಟ್ಟನ್ ಚಾ ಕುಡಿದು ಬಂದ ಮಗುವಿಗೆ ಮಧ್ಯಾಹ್ನದ ಊಟದವರೆಗೆ ಹೊಟ್ಟೆಗೆ ಏನೂ ಇರುವುದಿಲ್ಲ. ಅಂಥ ಮಗು ಓದುವಾಗ ತಡವರಿಸಿದರೆ ಅದು ದಡ್ಡತನವಲ್ಲ. ಹಾಗಾಗಿ ನಮ್ಮ ಪಟ್ಟಿಯಲ್ಲಿ ಬ್ಯಾಗಿನ ಜೊತೆ ತಿಂಗಳ ಅವಲಕ್ಕಿ, ಹೆಸರುಕಾಳು, ಬೆಲ್ಲ, ಎಣ್ಣೆಯೂ ಸೇರಿದೆ.

ವೇದಿಕೆ ಬೇಡ, ಫೋಟೊವೂ ಬೇಡ

ಹತ್ತಿರದ ಒಂದೂರಿನಲ್ಲಿ ಸಂಘವೊಂದು ದೊಡ್ಡ ಕಾರ್ಯಕ್ರಮ ಮಾಡಿ ಮಕ್ಕಳಿಗೆ ಬ್ಯಾಗು ಹಂಚಿತ್ತು. ಮೈಕಿನಲ್ಲಿ ಒಬ್ಬೊಬ್ಬರ ಹೆಸರು ಕರೆದು, ವೇದಿಕೆಗೆ ಹತ್ತಿಸಿ, ಗಣ್ಯರ ಪಕ್ಕ ನಿಲ್ಲಿಸಿ ಫೋಟೊ ತೆಗೆದರು. ಬ್ಯಾಗಿನ ಮೇಲೆ ದಾನಿಯ ಹೆಸರು ದೊಡ್ಡದಾಗಿ ಅಚ್ಚಾಗಿತ್ತು. ಅದರಲ್ಲೊಂದು ಬ್ಯಾಗು ನಮ್ಮ ಮದ್ರಸದ ಆರನೇ ತರಗತಿ ಹುಡುಗನಿಗೂ ಸಿಕ್ಕಿತ್ತು. ಶಾಲೆ ಶುರುವಾದ ಮೇಲೆ ನೋಡಿದರೆ ಅವನು ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಪುಸ್ತಕ ತರುತ್ತಿದ್ದ. ಹೊಸ ಬ್ಯಾಗು ಎಲ್ಲಿ ಎಂದು ಕೇಳಿದರೆ, “ಅದರಲ್ಲಿ ಹೆಸರು ಉಂಟು ಉಸ್ತಾದ್, ಎಲ್ಲರಿಗೂ ಗೊತ್ತಾಗ್ತದೆ” ಎಂದ. ಹನ್ನೊಂದು ವರ್ಷದ ಹುಡುಗನ ಮಾತು ಇದು. ಮಳೆಗೆ ಪುಸ್ತಕ ನೆನೆದರೂ ಚಿಂತೆಯಿಲ್ಲ, ಮಾನ ನೆನೆಯಬಾರದು ಎಂಬುದು ಅವನ ಲೆಕ್ಕ.

ಕೊಟ್ಟದ್ದನ್ನು ಎತ್ತಿ ಆಡಿ, ನೋಯಿಸಿ ದಾನವನ್ನು ಹಾಳು ಮಾಡಬೇಡಿ ಎಂದು ಕುರ್‌ಆನ್ ಸೂರಃ ಅಲ್-ಬಕರದಲ್ಲಿ ಎಚ್ಚರಿಸುತ್ತದೆ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯದ ಹಾಗೆ ದಾನ ಮಾಡಿದವನಿಗೆ ಅರ್ಶ್‌ನ ನೆರಳು ಸಿಗುತ್ತದೆ ಎಂಬ ಹದೀಸನ್ನು ಎಲ್ಲರೂ ಕೇಳಿದ್ದೇವೆ. ಈಗ ಎಡಗೈಯಲ್ಲೇ ಮೊಬೈಲ್ ಇರುತ್ತದೆ, ಅದೇ ತೊಂದರೆ! ದೇಶದ ಕಾನೂನಿನಲ್ಲೂ ಇದಕ್ಕೆ ಜಾಗ ಉಂಟು. 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಂ ಪ್ರಕಾರ, ಪೋಷಣೆ ಮತ್ತು ರಕ್ಷಣೆಯ ಅಗತ್ಯವಿರುವ ಮಗುವಿನ ಹೆಸರು, ವಿಳಾಸ, ಶಾಲೆ, ಚಿತ್ರ ಮುಂತಾದ ಗುರುತನ್ನು ಮಾಧ್ಯಮಗಳಲ್ಲಿ ಬಹಿರಂಗಪಡಿಸುವಂತಿಲ್ಲ.

ನಾವು ಕಂಡುಕೊಂಡ ದಾರಿ ಬಹಳ ಸರಳ. ಸಾಮಾನನ್ನು ನಾವು ತಂದು ಹಂಚುವುದಿಲ್ಲ. ಪೇಟೆಯ ಒಂದೆರಡು ಅಂಗಡಿಯವರ ಜೊತೆ ಮಾತಾಡಿ ಇಟ್ಟಿದ್ದೇವೆ. ಮನೆಗೆ ಒಂದು ಚೀಟಿ ತಲುಪುತ್ತದೆ. ತಾಯಿ ಮಕ್ಕಳನ್ನು ಕರೆದುಕೊಂಡು ಉಳಿದ ಗಿರಾಕಿಗಳ ಹಾಗೆಯೇ ಅಂಗಡಿಗೆ ಹೋಗುತ್ತಾರೆ. ಕೆಂಪು ಬ್ಯಾಗು ಬೇಕಾ, ನೀಲಿ ಬೇಕಾ ಎಂದು ಮಗುವೇ ಆರಿಸುತ್ತದೆ. ತಿಂಗಳ ಕೊನೆಗೆ ಅಂಗಡಿಯವರು ಬಿಲ್ಲು ಕೊಡುತ್ತಾರೆ, ನಾವು ಪಾವತಿ ಮಾಡುತ್ತೇವೆ. ಹುಡುಗಿಯರ ಅಗತ್ಯದ ವಿಷಯವನ್ನು ನಮ್ಮ ಮನೆಯ ಹೆಂಗಸರೇ ನೋಡಿಕೊಳ್ಳುತ್ತಾರೆ, ಅದರಲ್ಲಿ ಗಂಡಸರ ತಲೆ ಹಾಕುವಿಕೆ ಇಲ್ಲ.

ಪಟ್ಟಿ ಮಾಡುವಾಗಲೂ ಜಾಗ್ರತೆ ಬೇಕು. ಅರ್ಜಿ ಕರೆದರೆ ಧೈರ್ಯ ಇದ್ದವರು ಬರುತ್ತಾರೆ, ನಾಚಿಕೆಯವರು ಮನೆಯಲ್ಲೇ ಉಳಿಯುತ್ತಾರೆ. ಕೇಳಿಕೊಂಡು ಬಾರದ, ನೋಡಿದವರು ಅನುಕೂಲವಂತರೆಂದೇ ಭಾವಿಸುವ ಬಡವರ ಬಗ್ಗೆ ಕುರ್‌ಆನ್ ಪ್ರತ್ಯೇಕವಾಗಿ ಹೇಳಿದೆ. ಅವರನ್ನು ಹುಡುಕಬೇಕಾದರೆ ಶಾಲೆಯ ಟೀಚರ್, ಅಂಗನವಾಡಿ ಕಾರ್ಯಕರ್ತೆ, ಆಶಾ ಕಾರ್ಯಕರ್ತೆ, ಬೀಡಿ ಬ್ರಾಂಚಿನವರು, ಇವರನ್ನು ಕೇಳಬೇಕು. ಅವರು ತೋರಿಸುವ ಮನೆಗಳಲ್ಲಿ ನಮ್ಮ ಸಮುದಾಯದವರಲ್ಲದ ಮಕ್ಕಳೂ ಇರುತ್ತಾರೆ. ಅವರಿಗೂ ಅದೇ ಚೀಟಿ, ಅದೇ ಅಂಗಡಿ. ಮಳೆ ಜಾತಿ ನೋಡಿ ಬೀಳುವುದಿಲ್ಲವಲ್ಲ.

ಝಕಾತ್ ಬೇರೆ, ಸದಖಾ ಬೇರೆ

“ಉಸ್ತಾದ್, ನನ್ನ ಝಕಾತಿನ ಹಣದಲ್ಲಿ ಮಕ್ಕಳಿಗೆ ಬ್ಯಾಗು ತೆಗೆದುಕೊಡಿ” ಎಂದು ಪ್ರತಿ ರಮಝಾನಿನಲ್ಲೂ ಹೇಳುವವರಿರುತ್ತಾರೆ. ಮನಸ್ಸು ಒಳ್ಳೆಯದೇ. ಆದರೆ ನಾವು ಅನುಸರಿಸುವ ಶಾಫಿಈ ಮದ್‌ಹಬಿನ ಪ್ರಕಾರ ಹಣದ ಝಕಾತನ್ನು ಹಣವಾಗಿಯೇ ಅರ್ಹರಿಗೆ ಕೊಡಬೇಕು, ಅದರಿಂದ ಸಾಮಾನು ಖರೀದಿಸಿ ಕೊಟ್ಟರೆ ಆಗ್ಲಿಕ್ಕಿಲ್ಲ. ಯತೀಮ್ ಎಂಬ ಒಂದೇ ಕಾರಣಕ್ಕೆ ಮಗು ಝಕಾತಿಗೆ ಅರ್ಹವಾಗುವುದೂ ಇಲ್ಲ. ಬಡತನ ಇರಬೇಕು, ಮತ್ತು ಮಗುವಿನ ಪರವಾಗಿ ಪೋಷಕರು ಅದನ್ನು ಸ್ವೀಕರಿಸಬೇಕು. ಹಾಗಾಗಿ ನಾವು ಝಕಾತ್ ಸಂಗ್ರಹಿಸುವುದಿಲ್ಲ. ಅರ್ಹ ಮನೆ ಯಾವುದೆಂದು ದಾನಿಗೆ ಗುಟ್ಟಾಗಿ ತಿಳಿಸುತ್ತೇವೆ, ಅವರೇ ಹೋಗಿ ಕೊಡುತ್ತಾರೆ. ಬ್ಯಾಗು, ಕೊಡೆ, ಕನ್ನಡಕ ಎಲ್ಲ ಸದಖಾದ ಹಣದಿಂದ. ಸಂಶಯ ಇದ್ದವರು ತಮ್ಮ ಖತೀಬರನ್ನು ಕೇಳಿಕೊಳ್ಳಬಹುದು.

ಫೋಟೊ ಇಲ್ಲದೆ ನಂಬುವುದು ಹೇಗೆ ಎಂದು ಗಲ್ಫಿನಿಂದ ಕಳುಹಿಸುವವರು ಕೇಳುತ್ತಾರೆ. ನ್ಯಾಯದ ಪ್ರಶ್ನೆಯೇ. ಬೆವರು ಸುರಿಸಿ ದುಡಿದ ದುಡ್ಡು ಅದು. ಅದಕ್ಕೆ ಉತ್ತರ ಮಗುವಿನ ಮುಖವಲ್ಲ, ಲೆಕ್ಕ. ಎಷ್ಟು ಬಂತು, ಎಷ್ಟು ಮಕ್ಕಳಿಗೆ ಏನೇನು ಹೋಯಿತು, ಎಷ್ಟು ಉಳಿಯಿತು ಎಂದು ಹೆಸರಿಲ್ಲದ ಪಟ್ಟಿ ಮತ್ತು ಅಂಗಡಿಯ ಬಿಲ್ಲನ್ನು ತಿಂಗಳು ತಿಂಗಳು ಕಳುಹಿಸುತ್ತೇವೆ. ಲೆಕ್ಕ ಬರೆಯುವವರು ಒಬ್ಬರು, ಹಣ ಹಿಡಿಯುವವರು ಇನ್ನೊಬ್ಬರು. ಒಮ್ಮೆ ದೊಡ್ಡ ಮೊತ್ತ ಕೊಟ್ಟು ಮರೆಯುವವರಿಗಿಂತ, ತಿಂಗಳಿಗೆ ನೂರು ಇನ್ನೂರು ತಪ್ಪದೆ ಕೊಡುವವರಿಂದಲೇ ಈ ಕೆಲಸ ನಿಂತಿದೆ. ಹೊಸದಾಗಿ ಶುರು ಮಾಡುವವರು ಹಣ ದೊಡ್ಡದಾಗುವ ಮುಂಚೆಯೇ ಟ್ರಸ್ಟ್ ಅಥವಾ ಸೊಸೈಟಿಯಾಗಿ ನೋಂದಾಯಿಸಿ, ಅದರ ಹೆಸರಲ್ಲೇ ಬ್ಯಾಂಕ್ ಖಾತೆ ತೆರೆಯುವುದು ಒಳ್ಳೆಯದು. ವಿದೇಶಿ ಪೌರರಿಂದ ಹಣ ಪಡೆಯುವುದಾದರೆ ಅದಕ್ಕೆ ಬೇರೆಯೇ ಕಾನೂನು ಉಂಟು, ಲೆಕ್ಕಪರಿಶೋಧಕರನ್ನು ಕೇಳದೆ ಮುಂದುವರಿಯಬಾರದು.

ಬ್ಯಾಗಿಗಿಂತ ದೊಡ್ಡ ಸಹಾಯ

ಬ್ಯಾಗು ಒಂದು ವರ್ಷ ಬರುತ್ತದೆ. ಒಂದು ಅರ್ಜಿ ಸರಿಯಾಗಿ ಹಾಕಿಕೊಟ್ಟರೆ ಮಗುವಿನ ಓದೇ ಮುಂದಕ್ಕೆ ಹೋಗುತ್ತದೆ. ಕೇಂದ್ರದ ಮಿಷನ್ ವಾತ್ಸಲ್ಯದಲ್ಲಿ ಪ್ರಾಯೋಜಕತ್ವ ಯೋಜನೆ ಎಂದುಂಟು. ತಂದೆ ತೀರಿಕೊಂಡ, ತಲಾಖ್ ಆದ ಅಥವಾ ಗಂಡ ಬಿಟ್ಟುಹೋದ ತಾಯಿಯ ಮಕ್ಕಳು, ತಂದೆ ತಾಯಿ ಇಬ್ಬರೂ ಇಲ್ಲದೆ ಬಂಧುಗಳ ಮನೆಯಲ್ಲಿ ಬೆಳೆಯುವ ಮಕ್ಕಳು ಇದಕ್ಕೆ ಅರ್ಹರು. ಮಂಜೂರಾದರೆ ಮಗುವಿಗೆ ತಿಂಗಳಿಗೆ 4,000 ರೂಪಾಯಿ. ಕುಟುಂಬದ ವಾರ್ಷಿಕ ಆದಾಯ ಹಳ್ಳಿಯಲ್ಲಿ 72,000, ಪಟ್ಟಣದಲ್ಲಿ 96,000 ರೂಪಾಯಿ ಮೀರಿರಬಾರದು. ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ವಿಚಾರಿಸಬೇಕು. ಬೀಡಿ ಕಾರ್ಮಿಕರ ಮಕ್ಕಳಿಗೆ ಕೇಂದ್ರ ಕಾರ್ಮಿಕ ಇಲಾಖೆಯ ವಿದ್ಯಾರ್ಥಿವೇತನವೂ ಉಂಟು, ತಾಯಿಯ ಬೀಡಿ ಕಾರ್ಡ್ ಸರಿ ಇರಬೇಕು.

ಇದು ಗೊತ್ತಿಲ್ಲದ ಮನೆಗಳೇ ಹೆಚ್ಚು. ಗೊತ್ತಿದ್ದರೂ ಮರಣ ಪ್ರಮಾಣಪತ್ರದಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು. ಆದಾಯ ಪ್ರಮಾಣಪತ್ರದ ಅವಧಿ ಮುಗಿದಿರುತ್ತದೆ. ಒಂದು ದಿನದ ಬೀಡಿ ಬಿಟ್ಟು ಕಚೇರಿಗೆ ಅಲೆದರೆ ಆ ದಿನದ ಸಂಪಾದನೆ ಹೋಯಿತು. ಇಂಥ ಉಮ್ಮಂದಿರ ಜೊತೆ ನಮ್ಮ ಕಲಿತ ಹುಡುಗರು, ಹುಡುಗಿಯರು ಒಂದೆರಡು ದಿನ ಕಚೇರಿಗೆ ಹೋಗಿ ಬಂದರೆ ಸಾಕು. ದುಡ್ಡಿಲ್ಲದವನೂ ಕೊಡಬಹುದಾದ ದಾನ ಇದು. ಜಮಾಅತ್ ಕಮಿಟಿಗಳು ವರ್ಷಕ್ಕೊಮ್ಮೆ, ಏಪ್ರಿಲ್ ರಜೆಯಲ್ಲಿ, ದಾಖಲೆ ಸರಿಪಡಿಸುವ ಶಿಬಿರ ಇಟ್ಟುಕೊಂಡರೆ ಎಷ್ಟೋ ಮಕ್ಕಳು ಯಾರ ಚೀಟಿಗೂ ಕಾಯಬೇಕಾಗಿ ಬರುವುದಿಲ್ಲ.

ಓದುಗರಲ್ಲಿ ನಮ್ಮ ವಿನಂತಿ ಇಷ್ಟೇ. ನಿಮ್ಮ ಮಗುವಿಗೆ ಈ ಸಲ ಬ್ಯಾಗು ತೆಗೆಯುವಾಗ ಅಂಗಡಿಯವರ ಹತ್ತಿರ ಇನ್ನೊಂದು ಬ್ಯಾಗಿನ ಹಣವನ್ನೂ ಕೊಟ್ಟಿಡಿ. ಯಾರಿಗೆ ಎಂದು ಕೇಳಬೇಡಿ. ಬೇಕಾದ ಮಗು ಬಂದು ತನ್ನ ಇಷ್ಟದ ಬಣ್ಣ ಆರಿಸಿಕೊಂಡು ಹೋಗಲಿ. ಅದನ್ನು ಹೆಗಲಿಗೇರಿಸಿಕೊಂಡು ಶಾಲೆಗೆ ಹೋಗುವಾಗ ಯಾವ ಮಗುವಿನದ್ದು ದಾನದ ಬ್ಯಾಗು, ಯಾವುದು ಬಾಪ ತೆಗೆದುಕೊಟ್ಟದ್ದು ಎಂದು ನೋಡಿದವರಿಗೆ ಗೊತ್ತಾಗಬಾರದು.